ಬಾಹ್ಯಾಕಾಶದಲ್ಲಿ ಹಡಗು ಓಡಿಸೋ ಎಂಡ್‌ಲೆಸ್ ಸ್ಕೈ ಗೇಮಲ್ಲಿ ಶುರುವಲ್ಲೇ ಸಾಲ, ಮೇಲಿಂದ ಪೈರೇಟ್ಸ್ ಉಪದ್ರ. ಇದನ್ನು ಆಡೋದು ಹೇಗೆ?

ನೀವು ಕೇಳಿದ್ದು ನಂಗೆ ಅರ್ಥ ಆದದ್ದು ಇಷ್ಟು: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪ್, ಗೇಮ್ ಇಳಿಸ್ಕೊಳ್ಳೋ ಸ್ಟೀಮ್ ಅಂಗಡಿಯಲ್ಲಿ ಫ್ರೀ ಅಂತ ಕಂಡು ಎಂಡ್‌ಲೆಸ್ ಸ್ಕೈ ಹಾಕ್ಕೊಂಡ್ರಿ, ಸ್ಪ್ಯಾರೋ ಹಡಗು ತಗೊಂಡು ಸೀದಾ ಪೈರೇಟ್ಸ್ ಹೊಡೀಲಿಕ್ಕೆ ಹೋದ್ರಿ, ಸತ್ರಿ, ಲೋಡ್ ಮಾಡಿ ಮತ್ತೆ ಹೋದ್ರಿ, ಮತ್ತೆ ಸತ್ರಿ, ಆ ಗಲಾಟೆಯಲ್ಲಿ ಬ್ಯಾಂಕಿನ ಕಂತು ಕಟ್ಟಿ ಕಟ್ಟಿ ಕೈಯಲ್ಲಿದ್ದ ದುಡ್ಡೂ ಖಾಲಿ. ಈಗ ಇದು ನಿಜವಾಗ್ಲೂ ಫ್ರೀಯಾ, ಇದ್ರಲ್ಲಿ ಎಂತ ಗಮ್ಮತ್ತು ಉಂಟು, ಡಿಲೀಟ್ ಮಾಡ್ಲಾ ಅಂತ ಕೇಳ್ತಿದ್ದೀರಿ. ಹಡಗು ಓಡಿಸೋದೂ ಕಷ್ಟ, ಮೌಸ್ ಬೇರೆ ಇಲ್ಲ ಅಂದಿದ್ದೀರಿ, ಅದನ್ನೂ ಹೇಳ್ತೇನೆ.

ಡಿಲೀಟ್ ಮಾಡ್ಬೇಡಿ ಮಾರ್ರೆ. ಸ್ಟೀಮ್ ಪೇಜಲ್ಲಿ ಯುದ್ಧದ ಚಿತ್ರ ನೋಡಿ ಎಲ್ರೂ ಗನ್ ಹಿಡ್ಕೊಂಡೇ ಒಳಗೆ ಹೋಗ್ತಾರೆ, ಆದ್ರೆ ಶುರುವಿನ ಅಷ್ಟೂ ಹೊತ್ತು ಇದು ಲೆಕ್ಕದ ಪುಸ್ತಕದ ಗೇಮ್. ಒಮ್ಮೆ ಲೆಕ್ಕ ಸರಿ ಆಯ್ತಾ, ಮತ್ತೆ ಗನ್ನು, ಫ್ಲೀಟು, ಕಥೆ ಎಲ್ಲ ತಾನಾಗಿ ಬರ್ತದೆ.

ಸಾಲದ ವಿಷಯವನ್ನೇ ಮೊದ್ಲು ನೋಡಿ. ಆಟ ಶುರುವಾಗೋದು 3013ನೇ ಇಸವಿಯಲ್ಲಿ, ನ್ಯೂ ಬೋಸ್ಟನ್ ಅಂತ ಒಂದು ಸಾಧಾರಣ ಗ್ರಹದಲ್ಲಿ, ನಿಮ್ಮ ಹೆಸರಲ್ಲಿ 4,80,000 ಕ್ರೆಡಿಟ್ (ಆಟದೊಳಗಿನ ದುಡ್ಡು) ಸಾಲ. ಅವಧಿ 365 ದಿನ, ಬಡ್ಡಿ ದಿನಕ್ಕೆ 0.4%. ಕೇಳ್ಲಿಕ್ಕೆ ಸಣ್ಣದು ಅನ್ನಿಸ್ತದೆ ಅಲ್ವಾ, ಲೆಕ್ಕ ಹಾಕಿ ನೋಡಿ: ಮೊದಲ ದಿನದ ಬಡ್ಡಿಯೇ 1,920, ದಿನದ ಕಂತು ಸುಮಾರು 2,500, ಅಂದ್ರೆ ಅಸಲಿಗೆ ಹೋಗೋದು 600ಕ್ಕಿಂತ ಕಡಿಮೆ. ಸುಮ್ನೆ ಕಂತು ಕಟ್ಕೊಂಡು ವರ್ಷ ಪೂರ್ತಿ ಹೋದ್ರೆ ಒಟ್ಟು 9 ಲಕ್ಷ ದಾಟ್ತದೆ, ಯಾವ ಮೀಟರ್ ಬಡ್ಡಿಯವ್ರೂ ನಾಚ್ಕೊಳ್ಳೋ ಹಾಗೆ. ಹಡಗು ತಗೊಂಡ್ಮೇಲೂ ಒಳ್ಳೆ ದುಡ್ಡು ಉಳೀತದಲ್ಲ, ಅದ್ರಲ್ಲಿ ಸಾಮಾನು ತುಂಬ್ಲಿಕ್ಕೆ ಸ್ವಲ್ಪ ಇಟ್ಕೊಂಡು ಬಾಕಿಯದ್ದನ್ನು ಅದೇ ದಿನ ಬ್ಯಾಂಕಿಗೆ ಹೋಗಿ ಅಸಲಿಗೆ ಕಟ್ಟಿಬಿಡಿ. ಕಂತಿನ ಮೇಲೆ ಎಕ್ಸ್‌ಟ್ರಾ ಕಟ್ಲಿಕ್ಕೆ ಅಲ್ಲೇ ಆಪ್ಷನ್ ಉಂಟು, ತುಂಬ ಜನ ಅದನ್ನು ನೋಡೋದೇ ಇಲ್ಲ.

ಇನ್ನೊಂದು ಗೊತ್ತಿರ್ಬೇಕಾದ್ದು, ಈ ಆಟದಲ್ಲಿ ನೀವು ಎಷ್ಟು ಹೊತ್ತು ಸುಮ್ನೆ ಹಾರ್ತಾ ಇದ್ರೂ ದಿನ ಕಳಿಯೋದಿಲ್ಲ. ಒಂದು ಹೈಪರ್‌ಸ್ಪೇಸ್ ಜಂಪ್, ಅಂದ್ರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರಿದ್ರೆ ಒಂದು ದಿನ, ಗ್ರಹದಲ್ಲಿ ಇಳಿದು ಮತ್ತೆ ಎದ್ರೆ ಅದೂ ಒಂದು ದಿನ. ಹಾಗಾಗಿ ಐದು ಜಂಪ್ ದೂರದ ಬಾಡಿಗೆಗೆ 10,000 ಕೊಡ್ತೇನೆ ಅಂತ ಜಾಬ್ ಬೋರ್ಡಲ್ಲಿ ಕಂಡ್ರೆ ಖುಷಿ ಆಗ್ಬೇಡಿ, ಐದು ದಿನದ ಕಂತೇ 12,500 ಆಯ್ತು. ಪೈಲಟ್ ಬಿಟ್ಟು ಬೇರೆ ಜನ ಇಟ್ಕೊಂಡಿದ್ರೆ ತಲೆಗೆ ದಿನಕ್ಕೆ 100 ಸಂಬಳ ಅದ್ರ ಮೇಲೆ.

ನಮ್ಮ ಚಿಕ್ಕಪ್ಪ ಬೈಕಂಪಾಡಿಯಲ್ಲಿ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಲೆಕ್ಕ ಬರಿಯೋದು. ಒಂದ್ಸಲ ಮಳೆಗೆ ಮನೆಗೆ ಬಂದವ್ರು ನನ್ನ ಹಿಂದೆ ಚಾ ಹಿಡ್ಕೊಂಡು ನಿಂತು ನೋಡಿದ್ರು, ಪುಟ್ಟ ತ್ರಿಕೋನದ ಹಾಗೆ ಕಾಣೋ ಹಡಗು ಎಲ್ಲಿಗೋ ಹೋಯ್ತು, ಬಂತು. "ಎಂತ ಹಾಕಿದ್ದು ಅದ್ರಲ್ಲಿ?" "ಮೆಡಿಕಲ್ ಸಾಮಾನು." "ಬರುವಾಗ?" "ಬರುವಾಗ ಖಾಲಿ." "ರಿಟರ್ನ್ ಲೋಡ್ ಇಲ್ದೆ ಗಾಡಿ ಬಿಡ್ತಾರಾ ಮಾರಾಯ, ಡೀಸೆಲ್ ನಿನ್ನ ಅಪ್ಪ ಹಾಕ್ತಾನಾ" ಅಂತ ಬೈದು ಹೋದ್ರು. ಸ್ಪೇಸ್ ಗೊತ್ತಿಲ್ಲ, ಗೇಮ್ ಗೊತ್ತಿಲ್ಲ, ಆದ್ರೆ ಶಿರಾಡಿಯಲ್ಲಿ ಲಾರಿ ಓಡಿಸೋ ಲೆಕ್ಕವೇ ಇಲ್ಲಿಯೂ ನಡೀತದೆ. ಹೋಗೋ ದಾರಿಯಲ್ಲಿ ಒಂದೇ ಕಡೆಗೆ ಇರೋ ಎರಡು ಮೂರು ಜಾಬ್ ಒಟ್ಟಿಗೆ ಹಿಡೀಬೇಕು, ಅದ್ರ ಮೇಲೆ ಜಾಗ ಉಳಿದ್ರೆ ನಿಮ್ಮದೇ ದುಡ್ಡಲ್ಲಿ ಸಾಮಾನು ತುಂಬ್ಬೇಕು, ಬರುವಾಗ ಅಲ್ಲಿಂದ ಕಡಿಮೆಗೆ ಸಿಗೋದನ್ನು ತರ್ಬೇಕು. ಎಂ ಒತ್ತಿ ಮ್ಯಾಪ್ ತೆರೆದು ಊಟದ ಸಾಮಾನು, ಬಟ್ಟೆ, ಲೋಹ, ಪ್ಲಾಸ್ಟಿಕ್, ಎಲೆಕ್ಟ್ರಾನಿಕ್ಸ್ ಹೀಗೆ ಒಂದೊಂದನ್ನೇ ಆರಿಸಿದ್ರೆ ಎಲ್ಲಿ ಅಗ್ಗ ಎಲ್ಲಿ ತುಟ್ಟಿ ಅಂತ ಬಣ್ಣದಲ್ಲೇ ತೋರಿಸ್ತದೆ. ನೀವು ಹೋಗಿ ನೋಡಿದ ಜಾಗದ್ದು ಮಾತ್ರ ಗೊತ್ತಾಗೋದು, ಅದಕ್ಕೇ ಶುರುವಲ್ಲಿ ಸ್ವಲ್ಪ ಸುತ್ತಾಡ್ಬೇಕಾಗ್ತದೆ.

ಹಾಗಾದ್ರೆ ಯಾವ ಹಡಗು? ಶುರುವಲ್ಲಿ ಮೂರು ಮಾರ್ಲಿಕ್ಕೆ ಇಟ್ಟಿರ್ತಾರೆ: ಸ್ಪ್ಯಾರೋ, ಸ್ಟಾರ್ ಬಾರ್ಜ್, ಶಟ್ಲ್. ಸ್ಪ್ಯಾರೋಗೆ ಗನ್ ಉಂಟು, ಆದ್ರೆ ಸಾಮಾನು ಹಾಕ್ಲಿಕ್ಕೆ ಜಾಗ ತೀರಾ ಕಡಿಮೆ, ಅದು ಹೊಸಬರಿಗೆ ಹೇಳಿ ಮಾಡಿಸಿದ ಖೆಡ್ಡಾ ಅಂತ ನನ್ನ ಅಭಿಪ್ರಾಯ. ಸ್ಟಾರ್ ಬಾರ್ಜ್ ಸಾಮಾನಿಗೆ ಒಳ್ಳೇದು, ಆದ್ರೆ ನಿಧಾನ, ತಿರುಗಿಸ್ಲಿಕ್ಕೇ ಬೇಜಾರು ಬರ್ತದೆ. ಶಟ್ಲಲ್ಲಿ ಜನ ಹಾಕ್ಬಹುದು, ಸ್ವಲ್ಪ ಸಾಮಾನೂ ಹಾಕ್ಬಹುದು, ಓಡಿ ತಪ್ಪಿಸ್ಕೊಳ್ಳಲೂ ಆಗ್ತದೆ. ನಾನು ಯಾರಿಗೆ ಹೇಳೋದಾದ್ರೂ ಶಟ್ಲ್ ಅಂತಲೇ ಹೇಳೋದು. ನೀವು ಈಗಿನ ಪೈಲಟನ್ನು ಬಿಟ್ಟು ಹೊಸ ಪೈಲಟ್ ಮಾಡಿ ಶುರು ಮಾಡೋದೇ ಸುಲಭ, ಸಾಲದ ಗುಂಡಿಯಿಂದ ಮೇಲೆ ಬರ್ಲಿಕ್ಕೆ ಕೂತ್ರೆ ತಲೆ ಹಾಳು.

ಓಡಿಸೋದು ಕಷ್ಟ ಅಂದಿದ್ದೀರಿ. ಇಲ್ಲಿ ಹಡಗಿಗೆ ಬ್ರೇಕ್ ಅಂತ ಇಲ್ಲ, ಮುಂದೆ ಹೋಗ್ತಾ ಇದ್ರೆ ನಿಲ್ಲಿಸ್ಲಿಕ್ಕೆ ಹಿಂದೆ ತಿರುಗಿ ಇಂಜಿನ್ ಕೊಡ್ಬೇಕು, ಮೂತಿ ಒಂದು ಕಡೆ ಇದ್ರೂ ಹಡಗು ಜಾರೋದು ಇನ್ನೊಂದು ಕಡೆಗೆ. ಯುದ್ಧದಲ್ಲಿ ಇದನ್ನೇ ಉಪಯೋಗಿಸ್ಕೊಳ್ಬಹುದು, ವೇಗ ಹಿಡಿದು ಓಡ್ತಾ ಓಡ್ತಾ ಸಟ್ಟಂತ ಹಿಂದೆ ತಿರುಗಿ ಬೆನ್ನಟ್ಟೋನ ಮೇಲೆ ಬಿಡೋದು, ಹಡಗು ಮಾತ್ರ ಅದೇ ದಿಕ್ಕಿಗೆ ಹೋಗ್ತಾನೇ ಇರ್ತದೆ. ಇಳೀಲಿಕ್ಕೆ, ಜಂಪ್ ಮಾಡ್ಲಿಕ್ಕೆ ನೀವು ಕಷ್ಟಪಡೋದು ಬೇಡ, ಎಲ್ ಒತ್ತಿದ್ರೆ ತಾನೇ ಹೋಗಿ ಇಳೀತದೆ, ಜೆ ಒತ್ತಿದ್ರೆ ತಾನೇ ನಿಧಾನ ಮಾಡಿ ದಿಕ್ಕು ನೋಡಿ ಹಾರ್ತದೆ. ಒಂದು ಜಂಪಿಗೆ 100 ಫ್ಯುಯೆಲ್ ಖಾಲಿ, ನಡುದಾರಿಯಲ್ಲಿ ಮುಗಿದ್ರೆ ಟಿ ಒತ್ತಿ ಬೇರೆ ಹಡಗಿನವರನ್ನು ಕರೆದು ಸಹಾಯ ಕೇಳಿ, ಕೊಡ್ತಾರೆ ಪಾಪ.

ಇನ್ನು ಹೊಡೆದಾಟ. ಶುರುವಲ್ಲಿ ನೀವು ಹೊಡೀಬೇಕಂತಲೇ ಇಲ್ಲ, ಸರ್ಕಾರದ ನೇವಿಯವ್ರು ಹೊಡೀತಾರೆ. ಅವ್ರು ಹೊಡೆದು ಸತ್ತ ಹಾಗೆ ತೇಲ್ತಾ ಇರೋ ಪೈರೇಟ್ ಹಡಗು ಒಮ್ಮೊಮ್ಮೆ ಸಿಗ್ತದೆ, ಹತ್ರ ಹೋಗಿ ಬಿ ಒತ್ತಿ, ಒಳಗಿದ್ದ ಗನ್ನು ಇಂಜಿನ್ನು ಬಿಚ್ಕೊಂಡು ಬಂದು ಮಾರಿ. ಇಡೀ ಹಡಗನ್ನೇ ಹಿಡೀಬೇಕಂದ್ರೆ ನಿಮ್ಮ ಹತ್ರ ಜನ ಬೇಕು, ಗೆಲ್ಲೋ ಚಾನ್ಸ್ ಎಷ್ಟು ಪರ್ಸೆಂಟ್ ಅಂತ ಸ್ಕ್ರೀನಲ್ಲೇ ಬರ್ತದೆ, ಕಡಿಮೆ ಇದ್ರೆ ಆಸೆ ಮಾಡ್ಬೇಡಿ. ಹಾಗೆ ಹಿಡಿದದ್ದನ್ನು ಮಾರ್ಲಿಕ್ಕೆ ಹೋದ್ರೆ ಹೊಸದರ ರೇಟ್ ಕೊಡೋದಿಲ್ಲ, ಆದ್ರೂ ಲಾಭವೇ.

ಸ್ವಂತ ಹಡಗಿಗೆ ಗನ್ ಹಾಕುವಾಗ ಎಲ್ರೂ ಮರೆಯೋದು ಸೆಕೆ. ಹೌದು, ಬಾಹ್ಯಾಕಾಶದಲ್ಲಿಯೂ ನಮ್ಮ ಏಪ್ರಿಲ್ ತಿಂಗಳ ಉಪದ್ರವೇ. ಹಡಗಿನ ಬಿಡಿಭಾಗ ಮಾರೋ ಔಟ್‌ಫಿಟರಲ್ಲಿ ಹಡಗಿನ ಮಾಹಿತಿಯ ಕೆಳಗೆ ಎನರ್ಜಿ, ಹೀಟ್ ಅಂತ ಒಂದು ಸಣ್ಣ ಟೇಬಲ್ ಬರ್ತದೆ: ಸುಮ್ನೆ ನಿಂತಾಗ ಎಷ್ಟು, ಓಡುವಾಗ ಎಷ್ಟು, ಗುಂಡು ಹಾರಿಸುವಾಗ ಎಷ್ಟು, ಶೀಲ್ಡ್ ತುಂಬುವಾಗ ಎಷ್ಟು, ಕೊನೆಗೆ ತಡ್ಕೊಳ್ಳೋ ಮಿತಿ ಎಷ್ಟು. ಜಾಗ ಉಂಟು ಅಂತ ಲೇಸರ್ ತುಂಬಿಸಿಬಿಟ್ರೆ ಎನರ್ಜಿ ಸಾಕಾಗದೆ ಅರ್ಧದಲ್ಲಿ ಎಲ್ಲ ಬಂದ್ ಆಗ್ತದೆ, ಎನರ್ಜಿ ಇದ್ರೂ ಬಿಸಿ ಮೇಲೆ ಹೋದ್ರೆ ಓವರ್‌ಹೀಟ್ ಆಗಿ ಹಡಗು ನಿಂತಲ್ಲೇ ನಿಲ್ತದೆ, ಪೈರೇಟ್ ಬಂದು ಆರಾಮಲ್ಲಿ ಹೊಡೀತಾನೆ. ನೀವು ಮತ್ತೆ ಮತ್ತೆ ಸಾಯೋದಕ್ಕೆ ಇದೂ ಒಂದು ಕಾರಣ ಇರ್ಬಹುದು, ಆ ಟೇಬಲ್ ಒಮ್ಮೆ ನೋಡಿ. ಹಾಗೇ ಗನ್ ಇಲ್ದೆ ಸಾಮಾನಿನ ಹಡಗುಗಳನ್ನೇ ಸಾಲಾಗಿ ಕಟ್ಕೊಂಡು ಹೋದ್ರೆ ಪೈರೇಟ್ಸಿಗೆ ಬಾಯಲ್ಲಿ ನೀರು ಬರ್ತದೆ, ಲೋಡಿನ ಜಾಗ ಜಾಸ್ತಿ ಆದಷ್ಟೂ ದಾಳಿ ಜಾಸ್ತಿ, ಗನ್ ಜಾಸ್ತಿ ಇದ್ರೆ ಕಡಿಮೆ. ಇದು ಆಟದ ಒಳಗಿನ ಲೆಕ್ಕವೇ, ಅದೃಷ್ಟ ಅಲ್ಲ.

ಫ್ರೀಯಾ ಅಂತ ಕೇಳಿದ್ರಲ್ಲ, ಪೂರ್ತಿ ಫ್ರೀ. ಮೈಕಲ್ ಜಾಹ್ನೈಸರ್ ಅಂತ ಒಬ್ರು ಶುರು ಮಾಡಿದ್ದು, 2015ರಲ್ಲಿ ಸ್ಟೀಮಿಗೆ ಬಂತು, ಈಗ ಕೋಡ್ ಹಂಚ್ಕೊಳ್ಳೋ ಗಿಟ್‌ಹಬ್ ಸೈಟಲ್ಲಿ ಬೇರೆ ಬೇರೆ ಕಡೆಯ ಜನ ಸೇರಿ ಬೆಳೆಸ್ತಿದ್ದಾರೆ. ಕೋಡ್ ಯಾರು ಬೇಕಾದ್ರೂ ನೋಡಿ ಬದಲಾಯಿಸ್ಬಹುದಾದ ಜಿಪಿಎಲ್ 3 ಲೈಸೆನ್ಸಲ್ಲಿ ಉಂಟು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡ್ತದೆ. ಇದ್ರ ಹಿರಿಯ 1996ರಲ್ಲಿ ಮ್ಯಾಕಿಗೆ ಬಂದ ಎಸ್ಕೇಪ್ ವೆಲಾಸಿಟಿ, ಅದಕ್ಕೂ ಹಿರಿಯ 1984ರ ಎಲೀಟ್. ಮೇಲಿಂದ ನೋಡೋ 2ಡಿ ಆಟ ಆದ್ದರಿಂದ ನಿಮ್ಮ ಲ್ಯಾಪ್‌ಟಾಪಿಗೆ ಭಾರ ಆಗೋದಿಲ್ಲ. ಒಮ್ಮೆ ಇಳಿಸ್ಕೊಂಡ್ರೆ ಇಂಟರ್ನೆಟ್ ಬೇಡ, ಜುಲೈ ತಿಂಗಳಲ್ಲಿ ಕರೆಂಟ್ ಹೋಗಿ ವೈಫೈ ಸತ್ತು ಕೂತಾಗ ಬ್ಯಾಟರಿ ಇರೋ ತನಕ ಆಡ್ಬಹುದು, ಇಲ್ಲಿಯವರಿಗೆ ಅದಕ್ಕಿಂತ ದೊಡ್ಡ ಫೀಚರ್ ಎಂತ ಬೇಕು.

ನಂಗೆ ಇದ್ರಲ್ಲಿ ತುಂಬ ಇಷ್ಟ ಆದದ್ದು ಗ್ರಹ, ಹಡಗು, ಮಿಷನ್ ಎಲ್ಲ ಮಾಮೂಲಿ ಟೆಕ್ಸ್ಟ್ ಫೈಲಲ್ಲೇ ಬರೆದಿಟ್ಟಿರೋದು. ಡೇಟಾ ಫೋಲ್ಡರ್ ತೆರೆದು ನೋಡಿ, ಮಿಷನ್ ಅಂತ ಒಂದು ಸಾಲು, ಅದ್ರ ಕೆಳಗೆ ಟ್ಯಾಬ್ ಬಿಟ್ಟು ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಮುಗಿಸಿದ್ರೆ ಎಷ್ಟು ದುಡ್ಡು, ಅಷ್ಟೇ. ಕೋಡಿಂಗ್ ಬರ್ಬೇಕಂತ ಇಲ್ಲ. ನಾನು ನಮ್ಮದೇ ಸೇರಿಸಿದ್ದನ್ನು ಹಾಕ್ಲಿಕ್ಕೆ ಇರೋ ಪ್ಲಗಿನ್ ಫೋಲ್ಡರಲ್ಲಿ ಒಂದು ಸಣ್ಣ ಫೈಲ್ ಹಾಕಿ ಮಲ್ಪೆ ಅಂತ ಒಂದು ಗ್ರಹ ಮಾಡ್ಕೊಂಡಿದ್ದೇನೆ, ಅಲ್ಲಿಂದ ಒಣಮೀನು ಸಾಗಿಸೋ ಕೆಲಸ ಸಿಗ್ತದೆ, ಪ್ಯಾಸೆಂಜರ್ ಜಾಬ್ ಮಾತ್ರ ಇಟ್ಟಿಲ್ಲ, ಆ ವಾಸನೆಯಲ್ಲಿ ಯಾರು ಕೂತ್ಕೊಳ್ಳೋದು. ಸೇವ್ ಫೈಲೂ ಟೆಕ್ಸ್ಟೇ, ನೋಟ್‌ಪ್ಯಾಡಲ್ಲಿ ತೆರೆದು ಕ್ರೆಡಿಟ್ ಎದುರಿನ ನಂಬರ್ ಬದಲಾಯಿಸಿದ್ರೆ ಸಾಲ ಒಂದು ನಿಮಿಷದಲ್ಲಿ ತೀರ್ತದೆ. ಯಾರೂ ಕೇಳೋದಿಲ್ಲ, ಆದ್ರೆ ಹಾಗೆ ಮಾಡಿದ್ರೆ ಮೊದಲ ಭಾಗದ ಮಜಾ ಪೂರಾ ಹೋಯ್ತು.

ಬೇಜಾರಾಗೋ ಸಂಗತಿಯೂ ಹೇಳ್ಬೇಕಲ್ಲ. ಕಥೆ ಎಲ್ಲ ಓದೋದು, ಉದ್ದುದ್ದ ಇಂಗ್ಲಿಷ್ ಪ್ಯಾರಾ, ಮಾತಾಡೋ ಧ್ವನಿ ಇಲ್ಲ. ದಕ್ಷಿಣದ ಗ್ರಹಗಳು ಮನುಷ್ಯರ ಸರ್ಕಾರವಾದ ರಿಪಬ್ಲಿಕ್ ಬಿಟ್ಟು ಫ್ರೀ ವರ್ಲ್ಡ್ಸ್ ಅಂತ ಬೇರೆ ಆಗೋ ಕಥೆ ಚೆನ್ನಾಗಿಯೇ ಉಂಟು, ನಾಯಕ ಖಳನಾಯಕ ಅಂತ ಸಿನಿಮಾ ಥರ ಇಲ್ಲ, ಆದ್ರೆ ಓದ್ಲಿಕ್ಕೆ ತಾಳ್ಮೆ ಇಲ್ದಿದ್ರೆ ಅದು ನಿಮಗೆ ಸಿಗೋದಿಲ್ಲ. ಸಾಲ ತೀರಿ ದೊಡ್ಡ ಹಡಗು ಬರೋ ತನಕದ ನಡುವಿನ ಹೊತ್ತು ಸ್ವಲ್ಪ ಎಳೀತದೆ, ಕ್ಯಾಪ್ಸ್ ಲಾಕ್ ಒತ್ತಿದ್ರೆ ಆಟ ಬೇಗ ಓಡ್ತದೆ, ಅದು ಇಲ್ದಿದ್ರೆ ನಾನೂ ಬಿಡ್ತಿದ್ದೆನೋ ಏನೋ. ಕಾಕ್‌ಪಿಟ್ ಒಳಗೆ ಕೂತು ನೋಡೋ ಆಟವೇ ಬೇಕಾದ್ರೆ ಊಲೈಟ್ ಉಂಟು, ಅದು ಹಳೆ ಎಲೀಟಿನ ದಾರಿ ಹಿಡಿದದ್ದು, ಅದೂ ಫ್ರೀ. ಪಯೋನಿಯರ್ ಅಂತ ಇನ್ನೊಂದು ಉಂಟು, ನಿಜವಾದ ಭೌತಶಾಸ್ತ್ರದ ಹಾಗೆ ಹಾರ್ಬೇಕಾದ್ರಿಂದ ನಿಲ್ಲಿಸೋದನ್ನು ಕಲೀಲಿಕ್ಕೇ ಸುಮಾರು ಹೊತ್ತು ಬೇಕು, ನಿಮ್ಮ ಲ್ಯಾಪ್‌ಟಾಪಿಗೆ ಅದು ಸ್ವಲ್ಪ ಭಾರವೂ ಆದೀತು.

ಸಾಲ ತೀರಿದ ಮೇಲೆ ಮನುಷ್ಯರ ಜಾಗ ಬಿಟ್ಟು ಹೊರಗೆ ಹೋಗಿ ನೋಡಿ. ಅಳಿಲಿನ ಹಾಗೆ ಇರೋ ಹಾಯ್ ಅಂತ ಒಂದು ಜನ ಸಿಗ್ತಾರೆ, ಒಳ್ಳೆಯವ್ರು, ಅವ್ರ ಅಂಗಡಿಯ ಸಾಮಾನೂ ಲಾಯ್ಕ ಉಂಟು. ದಾರಿ ಎಲ್ಲಿ ಅಂತ ನಾನು ಹೇಳೋದಿಲ್ಲ, ಹುಡುಕಿ. ಕ್ವಾರ್ಗ್ ಅಂತ ಇನ್ನೊಂದು ಬಲಾಢ್ಯ ಅನ್ಯಗ್ರಹದ ಜನ, ಅವ್ರು ಕಂಡ್ರೆ ಮಾತ್ರ ಗನ್ ಮುಟ್ಬೇಡಿ, ದೂರದಿಂದಲೇ ಕೈ ಮುಗಿದು ಹೋಗಿ.

ಮೌಸ್ ಬೇಡ. ಹಾರೋದು ಬಾಣದ ಕೀಗಳಲ್ಲಿ, ಗುಂಡು ಹಾರಿಸೋದು ಟ್ಯಾಬಲ್ಲಿ, ಮ್ಯಾಪ್ ಒತ್ಲಿಕ್ಕೆ ಟಚ್‌ಪ್ಯಾಡ್ ಧಾರಾಳ ಸಾಕು. ಟ್ಯಾಬ್ ಕೀ ಸವೆದು ಹೋಗಿದ್ರೆ ಪ್ರಿಫರೆನ್ಸಸ್ಸಲ್ಲಿ ಬೇರೆ ಕೀಗೆ ಬದಲಾಯಿಸ್ಕೊಳ್ಳಿ.