18 ಸರಿ, ಆದರೆ 18 ಏನು?

ಪ್ರಶ್ನೆ: ಆರನೇ ತರಗತಿಯ ನನ್ನ ಮಗಳಿಗೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಕೊಟ್ಟ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ತೆಗೆಯಲು ಚೆನ್ನಾಗಿ ಬರುತ್ತದೆ. ಆದರೆ ‘72 ಪೆನ್ಸಿಲ್, 90 ಪುಸ್ತಕಗಳನ್ನು ಏನೂ ಉಳಿಯದಂತೆ ಒಂದೇ ತೆರನಾದ ಪೊಟ್ಟಣಗಳಾಗಿ ಕಟ್ಟಿದರೆ ಹೆಚ್ಚೆಂದರೆ ಎಷ್ಟು ಪೊಟ್ಟಣ?’ ಎಂದರೆ ಗೊಂದಲಕ್ಕೊಳಗಾಗುತ್ತಾಳೆ. ಒಮ್ಮೆ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆದು 360 ಎನ್ನುತ್ತಾಳೆ, ಇನ್ನೊಮ್ಮೆ ‘ಪ್ರತಿ ಪೊಟ್ಟಣದಲ್ಲಿ 18’ ಎಂದು ಬರೆಯುತ್ತಾಳೆ. ಹೇಗೆ ಹೇಳಿಕೊಡಲಿ?

ಉತ್ತರ: 360ರ ಬಗ್ಗೆ ಚಿಂತೆ ಬೇಡ. ಇರುವುದೇ 72 ಪೆನ್ಸಿಲ್, 360 ಪೊಟ್ಟಣ ಎಲ್ಲಿಂದ ಬರಬೇಕು ಎಂದು ಕೇಳಿ, ತಾನೇ ನಕ್ಕು ಅಳಿಸುತ್ತಾಳೆ.

ಎರಡನೆಯ ತಪ್ಪಿಗೆ ಸ್ವಲ್ಪ ಹೊತ್ತು ಕೊಡಬೇಕು. 72, 90ರ ಮ.ಸಾ.ಅ. 18; ಇಲ್ಲಿ 18 ಎಂದರೆ ಪೊಟ್ಟಣಗಳ ಸಂಖ್ಯೆ. ಒಂದೊಂದರಲ್ಲಿ 72 ÷ 18 = 4 ಪೆನ್ಸಿಲ್, 90 ÷ 18 = 5 ಪುಸ್ತಕ. ಈಗ ಅವೇ ಸಂಖ್ಯೆಗಳನ್ನಿಟ್ಟು ಬೇರೆ ಲೆಕ್ಕ ಕೊಡಿ: 72 ಸೆಂ.ಮೀ. ಮತ್ತು 90 ಸೆಂ.ಮೀ. ಉದ್ದದ ಎರಡು ರಿಬ್ಬನ್‌ಗಳನ್ನು ಚೂರೂ ವ್ಯರ್ಥವಾಗದಂತೆ ಸಮನಾದ ತುಂಡುಗಳಾಗಿ ಕತ್ತರಿಸಬೇಕು, ತುಂಡು ಆದಷ್ಟೂ ಉದ್ದವಿರಬೇಕು. ಈ ಸಲವೂ 18. ಆದರೆ ಇದು ಒಂದು ತುಂಡಿನ ಉದ್ದ; ತುಂಡುಗಳು 4 + 5 = 9. ಎರಡನ್ನೂ ಅಕ್ಕಪಕ್ಕ ಮಾಡಿಸಿ. ಲೆಕ್ಕಕ್ಕೆ ಕೈಹಾಕುವ ಮೊದಲೇ ‘ಉತ್ತರ: ___ ಪೊಟ್ಟಣ’ ಎಂದೋ ‘___ ಸೆಂ.ಮೀ.’ ಎಂದೋ ಬರೆದಿಟ್ಟುಕೊಳ್ಳಲಿ.

‘ಹೆಚ್ಚೆಂದರೆ ಎಂದಿದ್ದರೆ ಮ.ಸಾ.ಅ., ಕನಿಷ್ಠ ಎಂದಿದ್ದರೆ ಲ.ಸಾ.ಅ.’ ಎಂಬ ಸುಲಭ ಸೂತ್ರವನ್ನು ದಯವಿಟ್ಟು ಕಲಿಸಬೇಡಿ. ಅದೇ ರಿಬ್ಬನ್ ಲೆಕ್ಕದಲ್ಲಿ ‘ಕನಿಷ್ಠ ಎಷ್ಟು ತುಂಡು?’ ಎಂದು ಕೇಳಿದರೆ ಸೂತ್ರ ಅಲ್ಲೇ ಕೈಕೊಡುತ್ತದೆ. ತುಂಡು ಉದ್ದವಾದಷ್ಟೂ ಸಂಖ್ಯೆ ಕಡಿಮೆ, ಹಾಗಾಗಿ ಬೇಕಿರುವುದು ಮ.ಸಾ.ಅ.ನೇ. ಪದ ನೋಡುವುದಲ್ಲ, ಇರುವುದನ್ನು ಪಾಲು ಮಾಡುತ್ತಿದ್ದೇವೆಯೇ ಎಂದು ನೋಡಬೇಕು.

ಶೇಷ ಉಳಿಯುವ ಲೆಕ್ಕವೂ ಬರುತ್ತದೆ: 75 ಪೆನ್ಸಿಲ್‌ನಲ್ಲಿ 3, 94 ಪುಸ್ತಕದಲ್ಲಿ 4 ಉಳಿದವು ಅಂತ. ಉಳಿದದ್ದನ್ನು ಮೊದಲೇ ಕಳೆದುಬಿಟ್ಟರೆ ಮತ್ತೆ ನಮ್ಮ 72, 90.

391, 323ರಂಥ ಸಂಖ್ಯೆಗಳಿಗೆ ಅಪವರ್ತನಗಳ ಪಟ್ಟಿ ಮಾಡುತ್ತ ಕೂತರೆ ತಲೆ ಕೆಡುತ್ತದೆ. ಸುಮಾರು 2,300 ವರ್ಷಗಳ ಹಿಂದೆಯೇ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಬರೆದಿಟ್ಟ ದಾರಿ ಹಿಡಿಯಿರಿ: 391ನ್ನು 323ರಿಂದ ಭಾಗಿಸಿದರೆ ಶೇಷ 68, 323ನ್ನು 68ರಿಂದ ಭಾಗಿಸಿದರೆ 51, 68ನ್ನು 51ರಿಂದ ಭಾಗಿಸಿದರೆ 17, 51ನ್ನು 17ರಿಂದ ಭಾಗಿಸಿದರೆ ಶೇಷ ಸೊನ್ನೆ. ಮ.ಸಾ.ಅ. 17. ಅದು 17 ಏನು ಎಂದು ಮಗಳನ್ನೇ ಕೇಳಿ.