ಪ್ರತ್ಯರ್ಪಿಸು ಅಂದ್ರೆ ವಾಪಸ್ ಕೊಡೋದೇನಾ?

ಪ್ರಶ್ನೆ: ನಮ್ಮ ಬಾಡಿಗೆ ಕರಾರು ಪತ್ರದಲ್ಲಿ "ಮನೆ ಖಾಲಿ ಮಾಡಿದಾಗ ಠೇವಣಿ ಹಣವನ್ನು ಪ್ರತ್ಯರ್ಪಿಸತಕ್ಕದ್ದು" ಅಂತಿದೆ. ವಾಪಸ್ ಕೊಡ್ಬೇಕು ಅಂತ ತಾನೇ? ಇಷ್ಟು ಕಷ್ಟದ ಪದ ಎಲ್ಲಿಂದ ಬಂತು?
(ಓದುಗರೊಬ್ಬರು, ಮೈಸೂರು)

ಉತ್ತರ: ಹೌದು ಸಾರ್, ವಾಪಸ್ ಕೊಡೋದೇ, ಹೆದರಬೇಡಿ. ಪ್ರತಿ ಮತ್ತು ಅರ್ಪಣ ಸೇರಿ ಪ್ರತ್ಯರ್ಪಣ, ಪ್ರತ್ಯುತ್ತರ ಆದ ಹಾಗೇ, ಅದಕ್ಕೆ ನಮ್ಮ 'ಇಸು' ಅಂಟಿಸಿದ್ದಾರೆ ಅಷ್ಟೇ. ಅರ್ಪಣೆ ಅಂದ ತಕ್ಷಣ ನಮಗೆ ದೇವರ ಮುಂದೆ ಹೂವು ಹಣ್ಣು ಇಡೋದು ನೆನಪಾಗುತ್ತೆ, ಆದ್ರೆ ಮೂಲದಲ್ಲಿ ಭಕ್ತಿ ಗಿಕ್ತಿ ಏನಿಲ್ಲ. ಸಂಸ್ಕೃತದಲ್ಲಿ 'ಋ' ಅನ್ನೋ ಧಾತು, ಹೋಗು ಅಂತ ಅರ್ಥ, ಅದನ್ನ 'ಹೋಗೋ ಹಾಗೆ ಮಾಡು' ಅಂತ ತಿರುಗಿಸಿದ್ರೆ ಅರ್ಪಯತಿ, ಅಂದ್ರೆ ಇನ್ನೊಬ್ಬರ ಕೈಗೆ ತಲುಪಿಸು. ಮಧ್ಯೆ ನುಸುಳಿದ ಆ 'ಪ' ಇದ್ಯಲ್ಲ, ಸ್ಥಾ ಇಂದ ಸ್ಥಾಪನೆ, ಜ್ಞಾ ಇಂದ ಜ್ಞಾಪನ (ಆಫೀಸಲ್ಲಿ ಮೆಮೋಗೆ ಹೇಳ್ತಾರಲ್ಲ ಅದೇ) ಆಗುವಾಗ ಬರೋದೂ ಅದೇ ಪ.

ಮಜಾ ಏನಂದ್ರೆ ಕನ್ನಡದ್ದೂ ಇದೇ ಲೆಕ್ಕ. ಮರಳು ಅಂದ್ರೆ ತಿರುಗಿ ಬರು, ಮರಳಿಸು ಅಂದ್ರೆ ತಿರುಗಿ ಹೋಗೋ ಹಾಗೆ ಮಾಡು. ಹಿಂದಿರುಗಿಸು ಸರಿನಾ ಹಿಂತಿರುಗಿಸು ಸರಿನಾ ಅಂತ ಜಗಳ ಆಡೋರಿದ್ದಾರೆ, ಮುಂ ಕೈ ಸೇರಿ ಮುಂಗೈ ಆದ ಹಾಗೆ ತ ಹೋಗಿ ದ ಬಂದಿದೆ, ಎರಡೂ ನಡೆಯುತ್ತೆ ಬಿಡಿ. ನಾವು ದಿನಾ ಆಡೋ ವಾಪಸ್ ಪಾರಸಿಯದ್ದು, ಧಾರವಾಡದ ಕಡೆ 'ಹೊಳ್ಳಿ ಕೊಡು' ಅಂತಾರೆ, ನನಗಂತೂ ಅದೇ ಇಷ್ಟ.

ಪದ ಹಳೇದು. ಕಾಳಿದಾಸನ ಶಾಕುಂತಲದ 4ನೇ ಅಂಕದ ಕೊನೇಲಿ ಕಣ್ವರು ಶಕುಂತಲೆಯನ್ನ ಗಂಡನ ಮನೆಗೆ ಕಳಿಸಿ, ಮನಸ್ಸು ಹಗುರ ಆಯ್ತು, 'ಪ್ರತ್ಯರ್ಪಿತನ್ಯಾಸ'ನ ಹಾಗೆ ಅಂತಾರೆ. ನ್ಯಾಸ ಅಂದ್ರೆ ನಂಬಿ ಇಟ್ಟು ಹೋದ ವಸ್ತು, ಅಂದ್ರೆ ನಿಮ್ಮ ಠೇವಣಿನೇ! ಮಗಳನ್ನ ಠೇವಣಿ ಅಂದಿದ್ದು ಈಗ ಓದಿದ್ರೆ ಕಸಿವಿಸಿ ಆಗುತ್ತೆ, ಅದು ಬೇರೆ ಮಾತು.

ಇದನ್ನ 'ಅಧ್ಯರ್ಪಿಸು' ಜೊತೆ ಕಲಸಬೇಡಿ. ಸರ್ಕಾರಿ ನೌಕರರು ಗಳಿಕೆ ರಜೆ ಅಧ್ಯರ್ಪಿಸಿ ದುಡ್ಡು ತಗೋತಾರಲ್ಲ ಅದು ಸರೆಂಡರ್, ಅಲ್ಲಿ ತನ್ನದನ್ನೇ ಬಿಟ್ಟುಕೊಡೋದು. ಪ್ರತ್ಯರ್ಪಿಸೋದು ಇನ್ನೊಬ್ಬರದ್ದನ್ನ.

ಆದ್ರೆ ಕರಾರಿನ ಮುಂದಿನ ಸಾಲನ್ನೂ ಓದಿ ಸಾರ್. ನಾನು ಹಿಂದಿದ್ದ ಮನೇಲಿ ಪ್ರತ್ಯರ್ಪಿಸತಕ್ಕದ್ದು ಅಂತ ದಪ್ಪಕ್ಷರದಲ್ಲಿತ್ತು, ಅದರ ಕೆಳಗೇ ಸಣ್ಣಕ್ಕೆ 'ಬಣ್ಣದ ಖರ್ಚನ್ನು ಕಡಿತಗೊಳಿಸಿ' ಅಂತಾನೂ ಇತ್ತು, ಒಂದು ತಿಂಗಳ ಬಾಡಿಗೆ ಅಲ್ಲೇ ಹೋಯ್ತು.