ಮಗುವಿಗೂ ಓತಿಕ್ಯಾತಕ್ಕೂ ನಡುವಿನ ದೂರವನ್ನು ಹಾಗೆಯೇ ಬಿಡಿ

ನಿಮ್ಮ ಎಂಟು ವರ್ಷದ ಮಗಳು ಅಂಗಳದ ಓತಿಕ್ಯಾತಗಳ ಎದುರು ಗಂಟೆಗಟ್ಟಲೆ ಅಲುಗಾಡದೆ ಕುಳಿತು ಅವುಗಳ ಚಿತ್ರ ಬರೆಯುತ್ತಾಳೆ ಎಂದು ಬರೆದಿದ್ದೀರಿ. ಈ ಆಸಕ್ತಿ ಬಾಡಿಹೋಗದಂತೆ ಒಂದನ್ನು ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿಕೊಡುವುದು ಒಳ್ಳೆಯದೋ, ಚಿತ್ರಕಲೆಯ ತರಗತಿಗೆ ಸೇರಿಸುವುದು ಒಳ್ಳೆಯದೋ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದು ನನ್ನ ಉತ್ತರ. ನಿಮ್ಮ ಮಗಳ ಬಗ್ಗೆ ನೀವು ಬರೆದಿರುವ ಪ್ರತಿಯೊಂದು ಸಾಲೂ ನನ್ನ ಮಗಳ ಏಳನೆಯ ವಯಸ್ಸಿಗೆ ಹೊಂದುತ್ತದೆ, ಮತ್ತು ಆಗ ನಾನು ಈ ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಮಾಡಿದ ತಂದೆ.

ನಮ್ಮ ಮನೆಯ ಹಿಂದೆ ಬೆಳಗಿನ ಬಿಸಿಲು ಬೀಳುವ ಒಂದು ಕಲ್ಲಿನ ಗೋಡೆಯಿತ್ತು. ಬಿಸಿಲು ಏರುತ್ತಿದ್ದಂತೆ ಪಕ್ಕದ ಪೊದೆಯಿಂದ ಓತಿಕ್ಯಾತಗಳು ಬಂದು, ಮೈಯನ್ನು ಚಪ್ಪಟೆ ಮಾಡಿಕೊಂಡು ಕಲ್ಲಿಗೆ ಅಂಟಿದಂತೆ ಕೂರುತ್ತಿದ್ದವು. ನಮ್ಮ ದೇಹದಂತೆ ಒಳಗಿನಿಂದಲೇ ಶಾಖವನ್ನು ಕಾಯ್ದುಕೊಳ್ಳುವ ಶಕ್ತಿ ಈ ಪ್ರಾಣಿಗಳಿಗಿಲ್ಲ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಸರಿದಾಡುವುದರಿಂದಲೇ ಅವು ತಮ್ಮ ಮೈಯ ಉಷ್ಣತೆಯನ್ನು ಹದದಲ್ಲಿಟ್ಟುಕೊಳ್ಳುತ್ತವೆ. ಮೈ ಇನ್ನೂ ತಣ್ಣಗಿರುವ ಹೊತ್ತಿನಲ್ಲಿ ವೇಗವಾಗಿ ಓಡಲಾರವಾದ್ದರಿಂದ ಬೆಳಗಿನ ಆ ಮೊದಲ ಗಳಿಗೆ ಅವುಗಳಿಗೆ ಅಪಾಯದ ಗಳಿಗೆಯೂ ಹೌದು. ಅಂಥ ಹೊತ್ತಿನಲ್ಲಿ ಅವು ಒಬ್ಬ ಮಗುವನ್ನು ಹತ್ತಿರ ಬಿಟ್ಟುಕೊಳ್ಳುತ್ತಿದ್ದವೆಂದರೆ ಅದು ಸುಮ್ಮನೆ ಸಿಕ್ಕಿದ್ದಲ್ಲ.

ಅವಳು ಅದನ್ನು ಯಾರೂ ಹೇಳಿಕೊಡದೆ ಕಲಿತಿದ್ದಳು. ನೇರವಾಗಿ ನಡೆದು ಹೋಗುತ್ತಿರಲಿಲ್ಲ, ಗೋಡೆಯ ಉದ್ದಕ್ಕೂ ಬೇರೆಲ್ಲಿಗೋ ಹೊರಟವಳಂತೆ ಓರೆಯಾಗಿ ಸಾಗಿ, ನಡುವೆ ನಿಂತು, ಮತ್ತೆ ಸ್ವಲ್ಪ ಸರಿದು, ಕೊನೆಗೆ ಕುಳಿತುಕೊಳ್ಳುತ್ತಿದ್ದಳು. ಓತಿಕ್ಯಾತದ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿರಲಿಲ್ಲ. ತನ್ನ ನೆರಳು ಅದರ ಮೇಲೆ ಬೀಳದ ಕಡೆಯನ್ನೇ ಆರಿಸಿಕೊಳ್ಳುತ್ತಿದ್ದಳು. ಇದೆಲ್ಲ ಮಗುವಿನ ಆಟ ಎಂದು ಆಗ ಅಂದುಕೊಂಡಿದ್ದೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವವರು ಇದನ್ನು ಅಳೆದು ನೋಡಿದ್ದಾರೆಂಬುದು ನನಗೆ ತಿಳಿದದ್ದು ತಡವಾಗಿ. ಪ್ರತಿ ಪ್ರಾಣಿಗೂ ಎದುರಿನವರು ಎಷ್ಟು ಹತ್ತಿರ ಬಂದಾಗ ಓಡಬೇಕೆಂಬ ಒಂದು ದೂರವಿರುತ್ತದೆ; ನೇರವಾಗಿ ಬಂದರೆ, ವೇಗವಾಗಿ ಬಂದರೆ, ಅಡಗುವ ತಾಣ ದೂರದಲ್ಲಿದ್ದರೆ ಆ ದೂರ ಹೆಚ್ಚುತ್ತದೆ, ಕೇಡು ಮಾಡದವರನ್ನು ಮತ್ತೆ ಮತ್ತೆ ಕಂಡು ರೂಢಿಯಾದರೆ ಕಡಿಮೆಯಾಗುತ್ತದೆ. ಓತಿಕ್ಯಾತವೂ ಸೇರಿದಂತೆ ಹಲ್ಲಿಯ ಬಳಗದ ಅನೇಕ ಜಾತಿಗಳ ನೆತ್ತಿಯ ಮೇಲೆ ಬೆಳಕಿನ ಏರಿಳಿತವನ್ನು ಗ್ರಹಿಸುವ ಮೂರನೆಯ ಕಣ್ಣಿನಂಥ ಒಂದು ಅಂಗವೂ ಇದೆ. ನೆರಳಿನ ವಿಷಯದಲ್ಲಿ ಮಗಳು ತೋರುತ್ತಿದ್ದ ಎಚ್ಚರ ಸರಿಯಾದದ್ದೇ ಆಗಿತ್ತು.

ಅವಳ ಚಿತ್ರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು. ದೊಡ್ಡ ಹಾಳೆಯ ತುಂಬ ಗೋಡೆ ಇರುತ್ತಿತ್ತು: ಕಲ್ಲುಗಳ ಅಂಚು, ಬಿರುಕು, ಒಣಗಿದ ಪಾಚಿ, ಬಿಸಿಲು ಎಲ್ಲಿಯವರೆಗೆ ಬಂದಿದೆಯೆಂದು ತೋರಿಸುವ ಒಂದು ಗೆರೆ. ಓತಿಕ್ಯಾತ ಮಾತ್ರ ಮೇಲಿನ ಮೂಲೆಯಲ್ಲಿ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾಗಿ ಇರುತ್ತಿತ್ತು. ಗಂಡು ಓತಿಕ್ಯಾತ ಈ ಜಾಗ ತನ್ನದೆಂದು ಬೇರೆ ಗಂಡುಗಳಿಗೆ ತೋರಿಸಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಮುಂಗಾಲುಗಳ ಮೇಲೆ ಮೈಯನ್ನು ಎತ್ತಿ ಇಳಿಸುತ್ತದೆ. ಅದನ್ನು ಕಂಡ ದಿನ ತಲೆಯ ಪಕ್ಕದಲ್ಲಿ ಸಣ್ಣ ಸಣ್ಣ ಗೆರೆಗಳನ್ನು ಎಳೆದಿಡುತ್ತಿದ್ದಳು. ಕೆಲವು ಹಾಳೆಗಳಲ್ಲಿ ಓತಿಕ್ಯಾತವೇ ಇರುತ್ತಿರಲಿಲ್ಲ. ಅದು ಬರಲಿಲ್ಲ ಅಪ್ಪಾ, ಅದಕ್ಕೇ ಇಲ್ಲ, ಎನ್ನುತ್ತಿದ್ದಳು.

ಆ ಚಿತ್ರಗಳನ್ನು ನೋಡಿ ನಾನು ಹೇಳಿದ್ದು ಇಷ್ಟೇ: "ಚೆನ್ನಾಗಿದೆ ಮಗಳೇ, ಆದರೆ ಓತಿಕ್ಯಾತ ಎಷ್ಟು ಚಿಕ್ಕದು! ಪುಟ ತುಂಬ ದೊಡ್ಡದಾಗಿ ಬರೆ." ಮಕ್ಕಳಿಗೆ ಚಿತ್ರ ಕಲಿಸುವವರಲ್ಲಿ ಅನೇಕರು ಹೇಳುವ ಮಾತು ಇದು. ಅವಳನ್ನು ಒಂದು ತರಗತಿಗೆ ಸೇರಿಸಿದಾಗ ಅಲ್ಲಿಯೂ ಇದನ್ನೇ ಹೇಳಿದರು. ಹೇಳಿದ್ದು ತಪ್ಪೆಂದು ಆಗ ನನಗೆ ಕನಸಿನಲ್ಲೂ ಹೊಳೆಯಲಿಲ್ಲ. ಅವಳು ಪ್ರಯತ್ನಿಸಿದಳು. ಕಾಲಿನ ಬೆರಳು ಹೇಗಿದೆ, ಕಣ್ಣಿನ ಸುತ್ತ ಏನಿದೆ ಎಂಬುದು ಅಷ್ಟು ದೂರದಿಂದ ತನಗೆ ಕಾಣುವುದಿಲ್ಲ ಎಂದಳು. ಕಾಣುವಂತೆ ಮಾಡಿಕೊಡುವುದು ನನ್ನ ಕರ್ತವ್ಯವೆಂದು ತಿಳಿದು, ನಾನು ಒಂದು ಎಳೆಯ ಓತಿಕ್ಯಾತವನ್ನು ಹಿಡಿದು ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿದೆ. ಬಾಲ ಹಿಡಿಯಬಾರದೆಂಬುದು ಗೊತ್ತಿತ್ತು. ಹಲ್ಲಿ, ಹಾವುರಾಣಿಗಳು ಸಿಕ್ಕಿಬಿದ್ದಾಗ ಬಾಲವನ್ನು ಕಳಚಿ ಓಡುತ್ತವೆ, ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆಯ ಬದಲು ಮೃದ್ವಸ್ಥಿಯ ಕೊಳವೆಯಿರುತ್ತದೆ ಎಂದೆಲ್ಲ ಓದಿದ್ದೆ. ಆದ್ದರಿಂದ ಮೈಗೆ ಕೈ ತಾಗಿಸದೆ, ಒಂದು ರಟ್ಟಿನಿಂದ ಮೆಲ್ಲಗೆ ಒಳಗೆ ಸರಿಸಿದೆ, ಮುಚ್ಚಳದಲ್ಲಿ ತೂತುಗಳನ್ನೂ ಮಾಡಿದ್ದೆ. ತಿಳಿಯಬೇಕಾದದ್ದನ್ನೆಲ್ಲ ತಿಳಿದು ಮಾಡುತ್ತಿದ್ದೇನೆ ಎಂಬ ನಂಬಿಕೆ ನನಗಿತ್ತು.

ಭರಣಿಯನ್ನು ಬೆಳಕು ಚೆನ್ನಾಗಿ ಬೀಳಲಿ ಎಂದು ಕಿಟಕಿಯ ಬಳಿ ಇಟ್ಟೆ. ಬಿಸಿಲು ಕಾಯಿಸುವ ಪ್ರಾಣಿಗೆ ಬಿಸಿಲು ಇಷ್ಟವೇ ಅಲ್ಲವೇ ಎಂಬುದು ನನ್ನ ತರ್ಕ. ಈ ತರ್ಕದ ದೋಷವನ್ನು ದಯವಿಟ್ಟು ಗಮನವಿಟ್ಟು ಓದಿ. ಹಗಲಿನಲ್ಲಿ ಬಿಸಿಲು ಕಾಯಿಸುವ ಅನೇಕ ಜಾತಿಗಳು ತಮ್ಮ ಮೈಯ ಉಷ್ಣತೆಯನ್ನು 30ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಇಟ್ಟುಕೊಂಡು ಓಡಾಡುತ್ತವೆ, ಮತ್ತು ಅವುಗಳ ಪ್ರಾಣಕ್ಕೆ ಎರವಾಗುವ ಉಷ್ಣತೆ ಅದಕ್ಕಿಂತ ಕೆಲವೇ ಡಿಗ್ರಿಗಳಷ್ಟು ಮೇಲಿರುತ್ತದೆ. ಅವು ಬೆವರುವುದಿಲ್ಲ. ಗೋಡೆಯ ಮೇಲೆ ಆ ಅಂಚಿಗೆ ಅಷ್ಟು ಹತ್ತಿರದಲ್ಲಿ ಅವು ನಿಶ್ಚಿಂತೆಯಿಂದ ಇರುವುದು, ಎರಡು ಹೆಜ್ಜೆಯಲ್ಲಿ ನೆರಳು ಇದೆ ಎಂಬ ಒಂದೇ ಕಾರಣದಿಂದ. ಗಾಜಿನೊಳಗೆ ಬಿಸಿಲು ಬರುತ್ತದೆ, ಬಿಸಿಯಾದ ಗಾಳಿ ಹೊರಗೆ ಹೋಗುವುದಿಲ್ಲ, ಕೆಲವು ತೂತುಗಳಿಂದ ಏನೂ ಆಗುವುದಿಲ್ಲ, ಮತ್ತು ಸರಿಯಲು ನೆರಳೇ ಇಲ್ಲ.

ಮಗಳು ಬರೆಯತೊಡಗಿದಳು. ಓತಿಕ್ಯಾತ ಬಾಯಿ ತೆರೆಯಿತು. ಅವಳು ತೆರೆದ ಬಾಯಿಯನ್ನೇ ಬರೆದಳು, ಪುಟ ತುಂಬ, ಕಣ್ಣಿನ ಸುತ್ತಣ ಸಣ್ಣ ಹುರುಪೆಗಳ ಸಮೇತ. "ಎಷ್ಟು ಜೀವಂತವಾಗಿದೆ!" ಎಂದು ನಾನು ಹೊಗಳಿದೆ. ಮೈಯ ಶಾಖ ಮಿತಿಮೀರುತ್ತಿರುವಾಗ ಬಾಯಿ ತೆರೆದು ಏದುಸಿರು ಬಿಡುವುದು ಈ ಪ್ರಾಣಿಗಳ ಕೊನೆಯ ಉಪಾಯಗಳಲ್ಲಿ ಒಂದು ಎಂಬುದು ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ಆದರೆ ಗೋಡೆಯ ಮೇಲೆ ಇದು ಹೀಗೆ ಮಾಡಿದ್ದನ್ನು ತಾನು ನೋಡಿಯೇ ಇಲ್ಲ ಎಂದು ಅವಳಿಗೆ ಅನ್ನಿಸಿತು. ಅವಳೇ ಎದ್ದು ಭರಣಿಯನ್ನು ಎತ್ತಿಕೊಂಡು ಹೋಗಿ, ಪೊದೆಯ ಬುಡದ ನೆರಳಿನಲ್ಲಿ ಮಲಗಿಸಿ ಮುಚ್ಚಳ ತೆಗೆದಳು. ಅದು ಬಹಳ ಹೊತ್ತು ಅಲ್ಲಿಯೇ ಇತ್ತು, ಆಮೇಲೆ ಎಲೆಗಳೊಳಗೆ ಹೋಯಿತು. ಬದುಕಿತೆಂದು ನಂಬಿದ್ದೇನೆ.

ಈ ಕಥೆ ಕೇಳಿದವರೆಲ್ಲ ತಪ್ಪು ಭರಣಿಯದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಭರಣಿಯನ್ನು ನೆರಳಿನಲ್ಲಿಟ್ಟಿದ್ದರೂ ನನ್ನ ತಪ್ಪು ಅಷ್ಟೇ ದೊಡ್ಡದಾಗಿರುತ್ತಿತ್ತು, ಏಕೆಂದರೆ ತಪ್ಪು ನಡೆದದ್ದು ಅದಕ್ಕಿಂತ ಮೊದಲು, "ದೊಡ್ಡದಾಗಿ ಬರೆ" ಎಂದಾಗಲೇ. ಅವಳ ಹಾಳೆಯಲ್ಲಿ ಓತಿಕ್ಯಾತ ಚಿಕ್ಕದಾಗಿದ್ದುದಕ್ಕೆ ಕಾರಣ ಅವಳಿಗೆ ಬರೆಯಲು ಬಾರದಿದ್ದುದಲ್ಲ. ಅವಳು ಕುಳಿತಿದ್ದ ಜಾಗದಿಂದ ಅದು ಅಷ್ಟೇ ಚಿಕ್ಕದಾಗಿ ಕಾಣುತ್ತಿತ್ತು. ಆ ಜಾಗವನ್ನು ನಿರ್ಧರಿಸಿದ್ದು ಅವಳೊಬ್ಬಳೇ ಅಲ್ಲ, ಓತಿಕ್ಯಾತವೂ ಹೌದು. ಇಷ್ಟು ಹತ್ತಿರ ಬಾ, ಇದಕ್ಕಿಂತ ಬೇಡ ಎಂದು ಅದು ತನ್ನ ಓಟದಿಂದಲೂ ನಿಲುವಿನಿಂದಲೂ ಅವಳಿಗೆ ಹೇಳಿಕೊಟ್ಟಿತ್ತು, ಅವಳು ಅದನ್ನು ಗೌರವಿಸಿ ಅಲ್ಲಿಂದಲೇ ಬರೆಯುತ್ತಿದ್ದಳು. ಅವಳ ಸ್ನೇಹವೆಂದರೆ ಆ ಖಾಲಿ ಜಾಗವೇ ಆಗಿತ್ತು, ಮತ್ತು ಹಾಳೆಯ ತುಂಬ ಇದ್ದ ಗೋಡೆ ಆ ಖಾಲಿ ಜಾಗದ ಚಿತ್ರವಾಗಿತ್ತು. ಪುಟ ತುಂಬಿಸು ಎಂದಾಗ ನಾನು ತೆಗೆಯಲು ಹೇಳಿದ್ದು ಅದನ್ನೇ. ಭರಣಿ ಆ ಮಾತಿನ ಮುಂದುವರಿಕೆ ಮಾತ್ರ. ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದು ಅದನ್ನು ನೋಡಿ ಬರೆ ಎಂದಿದ್ದರೂ ಯಾವ ಪ್ರಾಣಿಗೂ ನೋವಾಗದೆ ಇದೇ ನಷ್ಟ ಆಗುತ್ತಿತ್ತು.

ಬಾಯಿ ತೆರೆದ ಓತಿಕ್ಯಾತದ ಚಿತ್ರವನ್ನು ಎಲ್ಲರೂ ಮೆಚ್ಚಿದರು, ತರಗತಿಯ ಗೋಡೆಯ ಮೇಲೂ ಅಂಟಿಸಿದರು. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಹಿತ್ತಲಿಗೆ ಹೋಗುವುದನ್ನು ನಿಲ್ಲಿಸಿದಳು, ಕೆಲವು ತಿಂಗಳಲ್ಲಿ ತರಗತಿಯನ್ನೂ ಬಿಟ್ಟಳು. ಈಗ ಅವಳು ದೊಡ್ಡವಳಾಗಿದ್ದಾಳೆ, ಮತ್ತೆ ಬರೆಯುತ್ತಾಳೆ ಕೂಡ, ಹೆಚ್ಚಾಗಿ ಗಿಡಗಳನ್ನು. ಆದರೆ ಗೋಡೆಯ ಬಳಿ ಹಾಗೆ ಓರೆಯಾಗಿ ನಡೆದು ಹೋಗುತ್ತಿದ್ದ ಆ ನಡಿಗೆಯನ್ನು ನಾನು ಮತ್ತೆ ನೋಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಹಿಂದಿರುವ ಊಹೆಯನ್ನೇ ನಾನು ಒಪ್ಪಲಾರೆ. ಈ ಆಸಕ್ತಿಗೆ ಏನಾದರೂ ಒದಗಿಸದಿದ್ದರೆ ಬಾಡುತ್ತದೆ ಎಂದು ನೀವು ಭಾವಿಸಿದ್ದೀರಿ. ಅದಕ್ಕೆ ಬೇಕಾದದ್ದೆಲ್ಲವೂ ನಿಮ್ಮ ಅಂಗಳದಲ್ಲಿ ಈಗಾಗಲೇ ಇದೆ, ನಿಮ್ಮ ಮಗಳು ಅದನ್ನು ತಾನೇ ಕಂಡುಕೊಂಡಿದ್ದಾಳೆ. ಪೆಟ್ಟಿಗೆಯಲ್ಲಿಟ್ಟ ಓತಿಕ್ಯಾತಕ್ಕೆ ಓಡಿಹೋಗುವ ಸ್ವಾತಂತ್ರ್ಯವಿಲ್ಲ. ಓಡಿಹೋಗಲಾರದ ಪ್ರಾಣಿ ತನ್ನ ಎದುರಿನಲ್ಲಿ ಇದೆ ಎಂಬುದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ಓಡಿಹೋಗಬಹುದಾಗಿದ್ದೂ ಉಳಿದಾಗ ಮಾತ್ರ ತಿಳಿಯುತ್ತದೆ. ಬೆಳೆದ ಕಾಡು ಪ್ರಾಣಿಯನ್ನು ಹಿಡಿದು ಸಾಕಲು ಹೊರಟರೆ ಅನೇಕ ಬಾರಿ ಅದು ಆಹಾರವನ್ನೇ ಮುಟ್ಟುವುದಿಲ್ಲ ಎಂಬುದು ಬೇರೆಯದೇ ಮಾತು.

ಚಿತ್ರದ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟ ಒಬ್ಬ ಚಿತ್ರಕಾರ್ತಿಯನ್ನು ನೆನೆಯುತ್ತೇನೆ. 1647ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ ಹದಿಮೂರರ ವಯಸ್ಸಿಗೇ ರೇಷ್ಮೆ ಹುಳುಗಳನ್ನು ನೋಡುತ್ತಾ ಬರೆಯತೊಡಗಿದ್ದವಳು, ಐವತ್ತು ದಾಟಿದ ಮೇಲೆ 1699ರಲ್ಲಿ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದವಳು. ಸತ್ತ ಕೀಟಗಳನ್ನು ಬಿಳಿಯ ಹಾಳೆಯ ಮೇಲೆ ಸಾಲಾಗಿ ಬರೆಯುವುದು ವಾಡಿಕೆಯಾಗಿದ್ದ ಕಾಲದಲ್ಲಿ ಅವಳು ಹುಳುವನ್ನು ಅದು ತಿನ್ನುವ ಗಿಡದ ಮೇಲೆಯೇ ಬರೆದಳು. ಇರುವ ಜಾಗದ ಜೊತೆಗೆ ಬರೆದಾಗಲೇ ಜೀವಿ ಪೂರ್ತಿಯಾಗುತ್ತದೆ ಎಂಬುದನ್ನು ಅವಳ ಚಿತ್ರಗಳಿಂದ ಕಲಿತೆ, ನನ್ನ ಮಗಳು ಅದನ್ನು ಏಳರ ವಯಸ್ಸಿನಲ್ಲೇ ಮಾಡುತ್ತಿದ್ದಳೆಂಬುದೂ ಆಗಲೇ ತಿಳಿಯಿತು.

ನೀವು ಮಾಡಬಹುದಾದ ಕೆಲಸಗಳಿವೆ, ಆದರೆ ಅವು ಮಗುವಿನ ಮೇಲೆ ಮಾಡುವಂಥವಲ್ಲ. ಅಂಗಳದ ಒಂದು ಮೂಲೆಯಲ್ಲಿ ತರಗೆಲೆಯನ್ನು ಗುಡಿಸದೆ ಬಿಡಿ, ಕೆಲವು ಕಲ್ಲುಗಳನ್ನು ಸಂದು ಉಳಿಯುವಂತೆ ಪೇರಿಸಿಡಿ, ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಿ, ಬೆಕ್ಕಿದ್ದರೆ ಅವಳು ಕೂರುವ ಹೊತ್ತಿನಲ್ಲಾದರೂ ಒಳಗಿರಲಿ. ಮಣ್ಣಿನಲ್ಲಿ ಮೊಟ್ಟೆಗಳು ಕಂಡರೆ ಹೊರಳಿಸಬೇಡಿ. ಹಕ್ಕಿಯ ಮೊಟ್ಟೆಯಂತಲ್ಲದೆ ಇವುಗಳಲ್ಲಿ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಂಡು ಬೆಳೆಯುವುದರಿಂದ, ತಿರುಗಿಸಿದರೆ ಸಾಯಬಹುದು. ಈ ಪ್ರಾಣಿಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ, ಮುಟ್ಟದಿದ್ದರೂ ಅವು ಓಡಾಡುವ ಜಾಗದಲ್ಲಿ ಕುಳಿತು ಎದ್ದ ಮೇಲೆ ಸೋಪಿನಿಂದ ಕೈ ತೊಳೆಯುವ ಅಭ್ಯಾಸ ಮಾಡಿಸಿ.

ಬರೆಯಲು ಗಟ್ಟಿ ರಟ್ಟಿನ ಹೊದಿಕೆಯ ಒಂದು ಪುಸ್ತಕ ಮತ್ತು ಒಂದು ಪೆನ್ಸಿಲ್ ಸಾಕು. ಓತಿಕ್ಯಾತ ನಡುವೆ ಎದ್ದು ಹೋದರೆ ಚಿತ್ರ ಅರ್ಧದಲ್ಲೇ ಇರಲಿ, ಅದೇ ಪುಟದಲ್ಲಿ ಇನ್ನೊಂದು ಅರ್ಧ ಚಿತ್ರ ಬಂದರೂ ಬರಲಿ. ನೆನಪಿನಿಂದ ಮುಗಿಸಬೇಕೆನ್ನಿಸಿದರೆ ಅವಳೇ ಮುಗಿಸುತ್ತಾಳೆ. ತಾರೀಖು, ಹೊತ್ತು, ಬಿಸಿಲು ಎಲ್ಲಿತ್ತು ಎಂಬುದನ್ನು ಪುಟದ ಕೆಳಗೆ ಬರೆದಿಡಲು ಒಮ್ಮೆ ಹೇಳಿ, ಎರಡನೆಯ ಬಾರಿ ಹೇಳಬೇಡಿ. ಅವಳು ತೋರಿಸಿದಾಗ ಚೆನ್ನಾಗಿದೆ ಎನ್ನುವ ಬದಲು ಆ ದಿನ ಅದು ಏನು ಮಾಡಿತು ಎಂದು ಕೇಳಿ. ತರಗತಿಗೆ ಸೇರಬೇಕೆಂದು ಅವಳೇ ಒಂದು ದಿನ ಕೇಳಿದರೆ ಖಂಡಿತ ಸೇರಿಸಿ, ಆದರೆ ಅಂಗಳದ ಪುಸ್ತಕವನ್ನು ತಿದ್ದಿಸಿಕೊಂಡು ಬಾ ಎಂದು ಅಲ್ಲಿಗೆ ಕಳಿಸಬೇಡಿ. ತರಗತಿಯ ಅಭ್ಯಾಸಕ್ಕೆ ಬೇರೆಯದೇ ಪುಸ್ತಕ ಕೊಡಿಸಿ.